ಪಡಿತರದಿಂದ ಉಳಿಯುವ ದುಡ್ಡು

2023ರ ಜುಲೈ ತಿಂಗಳಲ್ಲಿ ಸಂತೆಗೆ ಹೋದವರೆಲ್ಲ ಅರ್ಧ ಚೀಲ ಹೊತ್ತು ಮನೆಗೆ ಬಂದರು. ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಇನ್ನೂ ಏರುತ್ತಿತ್ತು. ತೊಗರಿ ಬೇಳೆ ನೂರೈವತ್ತರ ಆಸುಪಾಸಿನಲ್ಲಿತ್ತು. ಗ್ಯಾಸ್ ಸಿಲಿಂಡರ್ ಸಾವಿರದ ನೂರು ಮೀರಿತ್ತು. ದೇಶದ ಚಿಲ್ಲರೆ ಆಹಾರ ಹಣದುಬ್ಬರ ಆ ತಿಂಗಳು ಶೇ 11.51 ಮುಟ್ಟಿತು. ಅದೇ ತಿಂಗಳ 10ರಂದು ಕರ್ನಾಟಕ ಸರ್ಕಾರ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ಬ್ಯಾಂಕ್ ಖಾತೆಗೆ ಹಣ ಹಾಕತೊಡಗಿತು. ಕಿಲೋಗೆ 34 ರೂಪಾಯಿಯಂತೆ ಐದು ಕಿಲೋಗೆ ತಲಾ 170 ರೂಪಾಯಿ. ಐದು ಜನರ ಸಂಸಾರಕ್ಕೆ ತಿಂಗಳಿಗೆ 850.

ಈ 850 ರೂಪಾಯಿ ಸಣ್ಣದೇ, ದೊಡ್ಡದೇ? ಸಂಬಳದಲ್ಲಿ ಬದುಕುವವರಿಗೆ ಇದು ಒಂದು ಸಂಜೆಯ ಹೋಟೆಲ್ ಬಿಲ್ಲು. ದಿನಗೂಲಿಯ ಮನೆಯಲ್ಲಿ ಇದು ತಿಂಗಳ ಬೇಳೆ, ಎಣ್ಣೆ ಮತ್ತು ಮಗುವಿನ ಜ್ವರದ ಔಷಧಿ. ಬೆಲೆ ಏರಿದಾಗ ಆಹಾರದ ನೆರವು ಬಡ ಸಂಸಾರದ ಕೈ ಹಿಡಿಯುವುದು ಹೇಗೆ, ಎಲ್ಲಿ ಆ ಕೈ ಜಾರುತ್ತದೆ ಎಂಬುದನ್ನು ನೋಡಲು ಕರ್ನಾಟಕದ ಅನುಭವ ಬೇಕಾದಷ್ಟು ಸಾಮಗ್ರಿ ಕೊಡುತ್ತದೆ. ರೇಷನ್ ಅಂಗಡಿ, ಶಾಲೆಯ ಬಿಸಿಯೂಟ, ಅಂಗನವಾಡಿ, ಇಂದಿರಾ ಕ್ಯಾಂಟೀನ್, ನಗದು ವರ್ಗಾವಣೆ ಎಲ್ಲವನ್ನೂ ಈ ರಾಜ್ಯ ಪ್ರಯತ್ನಿಸಿ ನೋಡಿದೆ.

ಯುದ್ಧಕಾಲದ ಪಡಿತರದಿಂದ ಹಕ್ಕಿನ ಕಾಯ್ದೆಗೆ

ಪಡಿತರ ವ್ಯವಸ್ಥೆ ಹುಟ್ಟಿದ್ದು ಬಡವರಿಗಾಗಿ ಅಲ್ಲ. ಎರಡನೇ ಮಹಾಯುದ್ಧದ ಅಭಾವದಲ್ಲಿ ನಗರಗಳ ಜನರಿಗೆ ಧಾನ್ಯ ಹಂಚಲು ಬ್ರಿಟಿಷ್ ಆಡಳಿತ ಅದನ್ನು ತಂದಿತು. 1943ರ ಬಂಗಾಳದ ಕ್ಷಾಮ, ಧಾನ್ಯವನ್ನು ಮಾರುಕಟ್ಟೆಯ ಕೈಗೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ತೋರಿಸಿತು. 1965ರಲ್ಲಿ ಭಾರತೀಯ ಆಹಾರ ನಿಗಮ ಸ್ಥಾಪನೆಯಾದ ಮೇಲೆ ರೈತರಿಂದ ಖರೀದಿ, ಗೋದಾಮು, ನ್ಯಾಯಬೆಲೆ ಅಂಗಡಿ ಎಂಬ ಸರಪಳಿ ಗಟ್ಟಿಯಾಯಿತು.

ಅಗ್ಗದ ಅಕ್ಕಿಯನ್ನು ಬಡವರ ಮನೆಗೆ ತಲುಪಿಸುವ ರಾಜಕೀಯ ಶುರುವಾದದ್ದು ದಕ್ಷಿಣದಲ್ಲಿ. ಆಂಧ್ರದಲ್ಲಿ ಎನ್.ಟಿ. ರಾಮರಾವ್ 1983ರಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿಯ ಭರವಸೆಯೊಂದಿಗೆ ಅಧಿಕಾರಕ್ಕೆ ಬಂದರು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಗ್ರಾಮೀಣ ಬಡವರಿಗೆ ಹಸಿರು ಕಾರ್ಡ್ ಕೊಟ್ಟಿತು. 1997ರಲ್ಲಿ ಕೇಂದ್ರ ಸರ್ಕಾರ ಬಡತನ ರೇಖೆಯ ಕೆಳಗಿನವರು, ಮೇಲಿನವರು ಎಂದು ವಿಂಗಡಿಸಿದಾಗ ಬಿಪಿಎಲ್, ಎಪಿಎಲ್ ಎಂಬ ಪದಗಳು ಹಳ್ಳಿಯ ಜಗಲಿಯ ಮಾತಿಗೂ ಸೇರಿದವು. 2000ದ ಡಿಸೆಂಬರ್‌ನಲ್ಲಿ ಕಡುಬಡವರಿಗೆ ಅಂತ್ಯೋದಯ ಯೋಜನೆ ಬಂತು. ಮರುವರ್ಷ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿರುವಾಗ ಜನ ಹಸಿದಿರುವುದೇಕೆ ಎಂಬುದು ಅದರ ಪ್ರಶ್ನೆಯಾಗಿತ್ತು. ಆ ಮೊಕದ್ದಮೆಯಲ್ಲಿ ಸಾಲುಸಾಲಾಗಿ ಬಂದ ಆದೇಶಗಳೇ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಗೆ ದಾರಿ ಮಾಡಿದವು. ಗ್ರಾಮೀಣ ಜನಸಂಖ್ಯೆಯ ಶೇ 75, ನಗರದ ಶೇ 50ರಷ್ಟು ಜನರಿಗೆ ತಲಾ ಐದು ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಕಾನೂನಿನ ಹಕ್ಕಾಯಿತು. ಮನೆಯ ಹಿರಿಯ ಮಹಿಳೆಯ ಹೆಸರಿನಲ್ಲೇ ಕಾರ್ಡ್ ಇರಬೇಕೆಂದೂ ಕಾಯ್ದೆ ಹೇಳಿತು.

ಅದೇ ವರ್ಷ ಸಿದ್ದರಾಮಯ್ಯ ಸರ್ಕಾರ ಅನ್ನಭಾಗ್ಯ ತಂದಿತು. ಮೊದಲು ಕಿಲೋಗೆ ಒಂದು ರೂಪಾಯಿ, 2015ರ ಮೇ ತಿಂಗಳಿನಿಂದ ಪೂರ್ತಿ ಉಚಿತ. ಕೋವಿಡ್ ಕಾಲದಲ್ಲಿ ಕೇಂದ್ರವೂ ಐದು ಕಿಲೋ ಹೆಚ್ಚುವರಿ ಧಾನ್ಯವನ್ನು ಉಚಿತವಾಗಿ ಕೊಟ್ಟಿತು. 2023ರ ಜನವರಿಯಿಂದ ಕಾಯ್ದೆಯ ಐದು ಕಿಲೋ ದೇಶದ ಸುಮಾರು 81 ಕೋಟಿ ಜನರಿಗೆ ಉಚಿತವಾಗಿದೆ.

ಅಕ್ಕಿ ಬಂದರೆ ಬೇಳೆಗೆ ದುಡ್ಡು

ಉಚಿತ ಅಕ್ಕಿಯ ಲಾಭವನ್ನು ಅಕ್ಕಿಯಲ್ಲೇ ಅಳೆಯುವುದು ಸಾಮಾನ್ಯ ತಪ್ಪು. ಪಡಿತರ ಅಕ್ಕಿ ಬಂದ ಮನೆಯಲ್ಲಿ ಅಕ್ಕಿ ಕೊಳ್ಳಬೇಕಿದ್ದ ದುಡ್ಡು ಉಳಿಯುತ್ತದೆ. ಆ ದುಡ್ಡು ಮೊಟ್ಟೆಯಾಗುತ್ತದೆ, ಬಸ್ ಚಾರ್ಜ್ ಆಗುತ್ತದೆ, ಬಡ್ಡಿ ಕಟ್ಟುತ್ತದೆ.

ಸರ್ಕಾರದ 2023-24ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಲೆಕ್ಕದಲ್ಲಿ ಗ್ರಾಮೀಣ ಭಾರತದ ತೀರಾ ತಳದ ಶೇ 5ರಷ್ಟು ಜನರ ಸರಾಸರಿ ಖರ್ಚು ತಲಾ ತಿಂಗಳಿಗೆ 1,677 ರೂಪಾಯಿ. ಇದರಲ್ಲೇ ಊಟ, ಬಟ್ಟೆ, ಮದ್ದು, ಮೊಬೈಲ್ ಎಲ್ಲ. ಕಾಯ್ದೆಯ ಐದು, ರಾಜ್ಯದ ಹೆಚ್ಚುವರಿ ಐದು ಸೇರಿ ಕರ್ನಾಟಕದಲ್ಲಿ ತಲಾ ಸಿಗುತ್ತಿದ್ದ ಹತ್ತು ಕಿಲೋ ಅಕ್ಕಿಯನ್ನು ಸರ್ಕಾರದ್ದೇ 34 ರೂಪಾಯಿ ದರದಲ್ಲಿ ಲೆಕ್ಕ ಹಾಕಿದರೂ 340 ರೂಪಾಯಿ, ಅಂದರೆ ಆ ಮೊತ್ತದ ಐದನೇ ಒಂದು ಭಾಗ. ಅಷ್ಟು ಕಡಿಮೆ ಖರ್ಚಿನಲ್ಲಿ ಬದುಕುವವರಿಗೆ ಇದು ಪುಡಿಗಾಸಲ್ಲ.

ಈ ಮಾತಿಗೆ ಸಂಶೋಧನೆಯ ಆಧಾರವೂ ಇದೆ. 2009-10ರ ಅಂಕಿಅಂಶ ಹಿಡಿದು ಅರ್ಥಶಾಸ್ತ್ರಜ್ಞರಾದ ಜಾನ್ ದ್ರೇಜ್ ಮತ್ತು ರೀತಿಕಾ ಖೇರಾ ನಡೆಸಿದ ಅಧ್ಯಯನ, ಗ್ರಾಮೀಣ ಬಡವರ ಬಡತನದ ಆಳವನ್ನು ಪಡಿತರ ವ್ಯವಸ್ಥೆ ಶೇ 18ರಿಂದ 22ರಷ್ಟು ತಗ್ಗಿಸಿದೆ ಎಂದು ಅಂದಾಜು ಮಾಡಿತು. ಅಕ್ಕಿಯ ಸಬ್ಸಿಡಿ ಸಿಕ್ಕ ಕುಟುಂಬಗಳು ಅಕ್ಕಿಯನ್ನಷ್ಟೇ ಅಲ್ಲ, ಉಳಿದ ಆಹಾರವನ್ನೂ ಹೆಚ್ಚು ತಿನ್ನುತ್ತವೆ ಎಂದು ಅರ್ಥಶಾಸ್ತ್ರಜ್ಞೆ ತಾರಾ ಕೌಲ್ ತೋರಿಸಿದ್ದಾರೆ. ಆದಿತ್ಯ ಶ್ರೀನಿವಾಸ್, ಕ್ಯಾಥಿ ಬೇಲಿಸ್, ಬೆಂಜಮಿನ್ ಕ್ರಾಸ್ಟ್ ಅವರ ಸಂಶೋಧನೆ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಆಹಾರ ಭದ್ರತಾ ಕಾಯ್ದೆಯ ನಂತರ ಪಡಿತರ ವಿಸ್ತಾರವಾದ ಕಾರಣ ಸುಮಾರು 18 ಲಕ್ಷ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆಯದೆ ಉಳಿಯುವ ಅಪಾಯದಿಂದ ಪಾರಾದರು ಎಂಬುದು ಅವರ ಅಂದಾಜು. ಪಡಿತರ ಹೆಚ್ಚು ಸಿಕ್ಕ ಮನೆಗಳ ತಟ್ಟೆಯಲ್ಲಿ ಬಗೆಬಗೆಯ ಆಹಾರ ಹೆಚ್ಚಾಗಿತ್ತು. ಕೂಲಿಯ ಆದಾಯವೂ ಹೆಚ್ಚಿತ್ತು. ಬಿಟ್ಟಿ ಅಕ್ಕಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ಮಾತನ್ನು ಪದೇ ಪದೇ ಆಡುವವರು ಈ ಕೊನೆಯ ಸಂಗತಿಯನ್ನು ಓದಲೇಬೇಕು. ಹೊಟ್ಟೆ ತುಂಬಿದ ದೇಹಕ್ಕೆ ದುಡಿಯುವ ಶಕ್ತಿ ಇರುತ್ತದೆ, ಸಿಕ್ಕಿದ ಕೂಲಿಗೆ ತಲೆಬಾಗುವ ಅನಿವಾರ್ಯವೂ ಕಡಿಮೆಯಾಗುತ್ತದೆ.

ಧಾನ್ಯಕ್ಕೆ ಇನ್ನೊಂದು ಗುಣವಿದೆ. ಅಂಗಡಿಯಲ್ಲಿ ಅಕ್ಕಿಯ ಬೆಲೆ 40 ಇರಲಿ, 60 ಆಗಲಿ, ಕಾರ್ಡಿಗೆ ಬರುವ ಐದು ಕಿಲೋ ಐದು ಕಿಲೋ ಆಗಿಯೇ ಇರುತ್ತದೆ. ಬೆಲೆ ಏರಿದಷ್ಟೂ ನೆರವಿನ ಮೌಲ್ಯ ತಾನಾಗಿಯೇ ಏರುತ್ತದೆ. ರೂಪಾಯಿಯಲ್ಲಿ ನಿಗದಿಯಾದ ನೆರವಿಗೆ ಈ ಗುಣ ಇಲ್ಲ. ಮುಂದೆ ಹೇಳುವ ಅನೇಕ ತೊಡಕುಗಳ ಬೇರು ಇಲ್ಲೇ ಇದೆ.

ಅಕ್ಕಿ ಇದೆ, ಸಾರಿಗೆ ಏನು?

ಬಡವರ ಅಡುಗೆಮನೆಯ ಲೆಕ್ಕ ಕಳೆದ ಎರಡು ದಶಕಗಳಲ್ಲಿ ಬದಲಾಗಿದೆ. ಗ್ರಾಮೀಣ ಕುಟುಂಬದ ಒಟ್ಟು ಖರ್ಚಿನಲ್ಲಿ ಧಾನ್ಯಗಳ ಪಾಲು 2011-12ರಲ್ಲಿ ಶೇ 10.7ರಷ್ಟಿತ್ತು, 2023-24ಕ್ಕೆ ಶೇ 4.97ಕ್ಕೆ ಇಳಿದಿದೆ. ಪಡಿತರ ತನ್ನ ಕೆಲಸ ಮಾಡಿದ್ದಕ್ಕೆ ಇದೇ ಒಂದು ಸಾಕ್ಷಿ. ಆದರೆ ಆಹಾರದ ಒಟ್ಟು ಪಾಲು ಈಗಲೂ ಶೇ 47. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಶೇ 8.44, ತರಕಾರಿಗೆ ಶೇ 6.03 ಹೋಗುತ್ತದೆ. ಬೆಲೆಯೇರಿಕೆಯ ಏಟು ಬೀಳುತ್ತಿರುವುದು ಇಲ್ಲಿ. 2024ರ ಅಕ್ಟೋಬರ್‌ನಲ್ಲಿ ಆಹಾರ ಹಣದುಬ್ಬರ ಮತ್ತೆ ಶೇ 10.87 ಮುಟ್ಟಿದಾಗಲೂ ಜನರ ಗೋಳು ತರಕಾರಿ ಮತ್ತು ಎಣ್ಣೆಯದಾಗಿತ್ತು.

ಹೀಗಾಗಿ ಅಕ್ಕಿಯ ಡಬ್ಬ ತುಂಬಿದ ಮನೆಯಲ್ಲೂ ಸಾರು ತೆಳ್ಳಗಾಗುತ್ತದೆ. ಬೇಳೆಗೆ ನೀರು ಹೆಚ್ಚುತ್ತದೆ, ಹುಣಸೆಹುಳಿ ಮತ್ತು ಖಾರದಪುಡಿಯಲ್ಲೇ ಊಟ ಮುಗಿಯುತ್ತದೆ. ಮೊಟ್ಟೆ ಕೊಂಡ ದಿನ ಅದು ಮಕ್ಕಳ ತಟ್ಟೆಗೆ, ಆಮೇಲೆ ಗಂಡಸರ ತಟ್ಟೆಗೆ; ತಾಯಿಯ ಪಾಲಿಗೆ ಅನ್ನ ಮತ್ತು ತಿಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಶೇ 65.5ರಷ್ಟು ಮಕ್ಕಳಿಗೆ, 15ರಿಂದ 49 ವಯಸ್ಸಿನ ಶೇ 47.8ರಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ಹಸಿವು ಕಡಿಮೆಯಾಗಿದೆ, ಪೌಷ್ಟಿಕತೆಯ ಕೊರತೆ ಉಳಿದಿದೆ.

ಇದಕ್ಕೆ ಸರ್ಕಾರ ಕಂಡುಕೊಂಡ ಒಂದು ದಾರಿ ಸಾರವರ್ಧಿತ ಅಕ್ಕಿ. ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಕಾಳನ್ನು ನೂರಕ್ಕೆ ಒಂದರಂತೆ ಬೆರೆಸಲಾಗುತ್ತದೆ. ಈ ಕಾಳು ಉಳಿದ ಅಕ್ಕಿಗಿಂತ ತುಸು ಬೇರೆ ಬಣ್ಣದ್ದು, ತೊಳೆಯುವಾಗ ಕೆಲವೊಮ್ಮೆ ತೇಲುತ್ತದೆ. ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಸುದ್ದಿ ಹಬ್ಬಿದ ಊರುಗಳಲ್ಲಿ ಹೆಂಗಸರು ಮೊರ ಹಿಡಿದು ಕೂತು, ಆ ಕಾಳನ್ನೇ ಹೆಕ್ಕಿ ಎಸೆದಿದ್ದಾರೆ. ರೇಷನ್ ಅಂಗಡಿಯ ಮುಂದೆ ಐದು ನಿಮಿಷ ವಿವರಿಸಿ ಹೇಳುವವರಿದ್ದರೆ ಆ ಪೌಷ್ಟಿಕಾಂಶ ಕಸದ ಬುಟ್ಟಿ ಸೇರುತ್ತಿರಲಿಲ್ಲ.

ಎಂಥ ಧಾನ್ಯ ಎಂಬುದೂ ಮುಖ್ಯ. ಕರಾವಳಿಯವರಿಗೆ ಕುಚ್ಚಲಕ್ಕಿ ಬೇಕು, ಬಿಳಿ ಅಕ್ಕಿಯ ಅನ್ನ ಅವರಿಗೆ ಒಗ್ಗದು. ಹಳೇ ಮೈಸೂರಿನ ಕಡೆ ಮುದ್ದೆಯಿಲ್ಲದೆ ಊಟ ಪೂರ್ತಿಯಾಗದು, ಉತ್ತರದಲ್ಲಿ ಜೋಳದ ರೊಟ್ಟಿಯೇ ಊಟ. ದಕ್ಷಿಣದ ಜಿಲ್ಲೆಗಳಿಗೆ ರಾಗಿ, ಉತ್ತರಕ್ಕೆ ಜೋಳ ಕೊಡುವ ಕರ್ನಾಟಕದ ಕ್ರಮ ಈ ದೃಷ್ಟಿಯಿಂದ ಒಳ್ಳೆಯದು. ಮನೆಯವರು ತಿನ್ನುವ ಧಾನ್ಯ ಸಿಕ್ಕರೆ ಅದು ಮನೆಯಲ್ಲೇ ಉಳಿಯುತ್ತದೆ. ಒಗ್ಗದ ಅಕ್ಕಿ ಊರೂರು ಸುತ್ತುವ ವ್ಯಾಪಾರಿಯ ಚೀಲ ಸೇರಿ, ಪಾಲಿಶ್ ಆಗಿ ಮಾರುಕಟ್ಟೆಗೆ ಮರಳುತ್ತದೆ. ಪಡಿತರಕ್ಕಾಗಿ ಬೆಂಬಲ ಬೆಲೆಗೆ ಖರೀದಿ ನಡೆದರೆ ರೈತನಿಗೂ ಇದರಲ್ಲಿ ಲಾಭವಿದೆ: 2024-25ರಲ್ಲಿ ಕ್ವಿಂಟಲ್‌ಗೆ 4,290 ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆ ಮರುವರ್ಷ 4,886 ಆಯಿತು.

ಬೇಳೆ, ಎಣ್ಣೆಯ ವಿಷಯದಲ್ಲಿ ನೆರೆಯ ತಮಿಳುನಾಡು ಬಹಳ ಹಿಂದೆಯೇ ದಾರಿ ತೋರಿಸಿದೆ. ಅಲ್ಲಿ 2007ರಿಂದ ರೇಷನ್ ಅಂಗಡಿಯಲ್ಲಿ ತೊಗರಿ ಬೇಳೆ, ಪಾಮ್ ಎಣ್ಣೆ ಸಬ್ಸಿಡಿ ದರಕ್ಕೆ ಸಿಗುತ್ತಿವೆ. ಕಿಲೋ ಬೇಳೆಗೆ 30 ರೂಪಾಯಿ, ಲೀಟರ್ ಎಣ್ಣೆಗೆ 25. ಹಿಮಾಚಲ ಪ್ರದೇಶವೂ ಬೇಳೆ, ಎಣ್ಣೆ ಕೊಡುತ್ತದೆ. ಛತ್ತೀಸಗಡ ಬುಡಕಟ್ಟು ಪ್ರದೇಶಗಳಲ್ಲಿ ಕಡಲೆ ಕೊಡುತ್ತದೆ. ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತೊಗರಿ ಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಕಿಟ್ ಕೊಡಲು ತೀರ್ಮಾನಿಸಿದ್ದು ಈ ದಿಕ್ಕಿನಲ್ಲೇ.

ಬೇಯಿಸಿ ಬಡಿಸುವ ನೆರವು

ಮನೆಗೆ ಕೊಟ್ಟ ಆಹಾರ ಮನೆಯೊಳಗೆ ಹೇಗೆ ಹಂಚಿಕೆಯಾಗುತ್ತದೆ ಎಂಬುದು ಸರ್ಕಾರದ ಕೈಯಲ್ಲಿಲ್ಲ. ಬೇಯಿಸಿ ಬಡಿಸಿದ ಊಟ ನೇರವಾಗಿ ಯಾರಿಗೆ ಬೇಕೋ ಅವರ ಹೊಟ್ಟೆಗೆ ಹೋಗುತ್ತದೆ. ಸುಪ್ರೀಂ ಕೋರ್ಟ್‌ನ 2001ರ ನವೆಂಬರ್ ಆದೇಶದ ನಂತರ ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಿಂದ ಶಾಲಾ ಬಿಸಿಯೂಟದ ಅಕ್ಷರ ದಾಸೋಹ ಶುರುವಾಯಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ಬಳಿಕ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ 2024ರ ಸೆಪ್ಟೆಂಬರ್‌ನಿಂದ ಮೊಟ್ಟೆ ವಾರಕ್ಕೆ ಆರು ದಿನ ಆಯಿತು.

ಬೆಳಿಗ್ಗೆ ಆರಕ್ಕೆ ಗಾರ್ಮೆಂಟ್ಸ್ ಗಾಡಿ ಹತ್ತುವ, ಇಲ್ಲವೇ ಹೊಲದ ಕೂಲಿಗೆ ಹೋಗುವ ತಾಯಿಗೆ ಮಗುವಿನ ಮಧ್ಯಾಹ್ನದ ಊಟದ ಚಿಂತೆ ತಪ್ಪುವುದೆಂದರೆ ಒಂದು ಹೊತ್ತಿನ ಖರ್ಚು, ಒಂದು ಹೊತ್ತಿನ ಒಲೆ ಎರಡೂ ಉಳಿದಂತೆ. ಇದರ ಫಲ ಒಂದು ತಲೆಮಾರಿಗೇ ನಿಲ್ಲುವುದಿಲ್ಲ. ಬಾಲ್ಯದಲ್ಲಿ ಶಾಲೆಯ ಬಿಸಿಯೂಟ ಉಂಡ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳ ಎತ್ತರವೂ ಉತ್ತಮವಾಗಿರುತ್ತದೆ ಎಂದು 2021ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ತೋರಿಸಿತು.

ಆದರೆ ಇಲ್ಲೂ ರೂಪಾಯಿಯ ತೊಡಕು ಇದೆ. ಬಿಸಿಯೂಟದ ಬೇಳೆ, ತರಕಾರಿ, ಎಣ್ಣೆ, ಉಪ್ಪು, ಇಂಧನಕ್ಕೆ ಪ್ರಾಥಮಿಕ ಶಾಲೆಯ ಮಗುವೊಂದಕ್ಕೆ ದಿನಕ್ಕೆ 5.45 ರೂಪಾಯಿ ಎಂದು ಕೇಂದ್ರ 2022ರ ಅಕ್ಟೋಬರ್‌ನಲ್ಲಿ ನಿಗದಿ ಮಾಡಿತು. ಮುಂದಿನ ಪರಿಷ್ಕರಣೆ ಬಂದದ್ದು 2024ರ ಡಿಸೆಂಬರ್‌ನಲ್ಲಿ, 6.19 ರೂಪಾಯಿಗೆ. ಬೇಳೆ, ಟೊಮೆಟೊ ಗಗನಕ್ಕೇರಿದ ಎರಡು ವರ್ಷಗಳೂ ಈ ನಡುವೆಯೇ ಕಳೆದವು. ಹಳೆಯ ದರದಲ್ಲೇ ಸಾಂಬಾರು ಕುದಿಸಬೇಕಾದ ಅಡುಗೆಯವರ ಪಾಡು, ಆ ಸಾಂಬಾರು ಉಂಡ ಮಕ್ಕಳ ಪಾಡು ಎರಡನ್ನೂ ಊಹಿಸಬಹುದು. 2025ರ ಮೇ ತಿಂಗಳಲ್ಲಿ ದರ 6.78 ಆಯಿತು. ಪರಿಷ್ಕರಣೆ ಪ್ರತಿ ವರ್ಷ ಕಡ್ಡಾಯವಾಗಬೇಕು.

ನಗರದ ಕಥೆ ಬೇರೆ. ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಬಂದು ಶೆಡ್ಡಿನಲ್ಲಿ ಮಲಗುವವನಿಗೆ ರೇಷನ್ ಅಕ್ಕಿ ಸಿಕ್ಕರೂ ಬೇಯಿಸಲು ಜಾಗ, ಸಮಯ ಇಲ್ಲ. ತಮಿಳುನಾಡಿನ ಅಮ್ಮ ಉಣವಗಂ ಮಾದರಿಯಲ್ಲಿ 2017ರ ಆಗಸ್ಟ್ 16ರಂದು ಶುರುವಾದ ಇಂದಿರಾ ಕ್ಯಾಂಟೀನ್ ಇಂಥವರಿಗಾಗಿಯೇ. ಬೆಳಗಿನ ತಿಂಡಿಗೆ ಐದು ರೂಪಾಯಿ, ಊಟಕ್ಕೆ ಹತ್ತು. ಟೋಕನ್ ಪಡೆದು, ನಿಂತೇ ಇಡ್ಲಿಯೋ ಚಿತ್ರಾನ್ನವೋ ತಿಂದು ಹೊರಡುವ ಆಟೊ ಚಾಲಕರು, ಪೌರಕಾರ್ಮಿಕರು, ಕಾಲೇಜು ಹುಡುಗರು, ದೊಡ್ಡಾಸ್ಪತ್ರೆಯ ಹತ್ತಿರವಾದರೆ ರೋಗಿಗಳ ಕಡೆಯವರು ಅಲ್ಲಿ ಕಾಣುತ್ತಾರೆ. ಕಾರ್ಡ್ ತೋರಿಸಬೇಕಿಲ್ಲ, ಬಡವನೆಂದು ಸಾಬೀತು ಮಾಡಬೇಕಿಲ್ಲ. ಈ ಘನತೆಯೇ ಅದರ ದೊಡ್ಡ ಬಲ. ಅಡುಗೆ ಗುತ್ತಿಗೆದಾರರ ಬಿಲ್ಲು ಬಾಕಿ ಬಿದ್ದು ಕೆಲವು ಕಡೆ ಬಾಗಿಲು ಮುಚ್ಚಿದ್ದೂ ಇದೆ. ಅಂಥ ಬೆಳಿಗ್ಗೆ ಐದು ರೂಪಾಯಿ ಹಿಡಿದು ಬಂದವನು ಬರಿಹೊಟ್ಟೆಯಲ್ಲೇ ಕೆಲಸಕ್ಕೆ ಹೋಗಬೇಕಾಗುತ್ತದೆ.

ದುಡ್ಡೋ, ಧಾನ್ಯವೋ

2023ರಲ್ಲಿ ಕರ್ನಾಟಕ ನಗದಿಗೆ ಇಳಿದದ್ದು ತತ್ವಕ್ಕಾಗಿ ಅಲ್ಲ. ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರ ಆ ಜೂನ್‌ನಲ್ಲಿ ನಿಲ್ಲಿಸಿತು, ಬೇರೆಡೆ ಅಷ್ಟು ಅಕ್ಕಿ ಸಿಗಲಿಲ್ಲ. ಶುರುವಿನಲ್ಲಿ 1.28 ಕೋಟಿ ಕಾರ್ಡ್‌ಗಳ ಪೈಕಿ ಆಧಾರ್ ಜೋಡಣೆಯಾದ ಚಾಲ್ತಿ ಖಾತೆ ಇದ್ದದ್ದು ಸುಮಾರು 1.06 ಕೋಟಿಗೆ. ಉಳಿದವರು ಬ್ಯಾಂಕು, ಅಂಚೆ ಕಚೇರಿ ಅಲೆದರು.

ನಗದಿಗೆ ತನ್ನದೇ ಅನುಕೂಲವಿದೆ. ಏನು ಕೊಳ್ಳಬೇಕೆಂಬ ತೀರ್ಮಾನ ಮನೆಯವರದು, ಗೋದಾಮು, ಲಾರಿಯ ಸೋರಿಕೆ ಇಲ್ಲ. ಸೋರಿಕೆ ಸಣ್ಣ ಸಂಗತಿಯಲ್ಲ. 2022-23ರ ಅಂಕಿಅಂಶ ಆಧರಿಸಿ ಇಕ್ರಿಯರ್ ಸಂಶೋಧನಾ ಸಂಸ್ಥೆ ಅದನ್ನು ಶೇ 28 ಎಂದು ಅಂದಾಜಿಸಿದೆ. ಆದರೆ 34 ರೂಪಾಯಿಗೆ ತಿನ್ನಲು ಯೋಗ್ಯವಾದ ಅಕ್ಕಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಬ್ಯಾಂಕು ದೂರವಿದ್ದ ಹಳ್ಳಿಯಲ್ಲಿ ಹಣ ತೆಗೆಯಲು ಒಂದು ದಿನದ ಕೂಲಿ ಹೋಗುತ್ತಿತ್ತು. ಜಾರ್ಖಂಡ್‌ನ ನಗಡಿ ಬ್ಲಾಕಿನಲ್ಲಿ 2017ರಲ್ಲಿ ಧಾನ್ಯದ ಬದಲು ನಗದು ಕೊಟ್ಟ ಪ್ರಯೋಗಕ್ಕೆ ಜನರೇ ವಿರೋಧ ಒಡ್ಡಿದರು, ಮರುವರ್ಷ ಅದನ್ನು ಕೈಬಿಡಲಾಯಿತು. ಆಹಾರ ನಿಗಮ ಕಿಲೋಗೆ 22.50 ರೂಪಾಯಿ ದರದಲ್ಲಿ ಅಕ್ಕಿ ಕೊಡಲು ಮುಂದಾದಾಗ ಕರ್ನಾಟಕವೂ 2025ರ ಆರಂಭದಲ್ಲಿ ಅಕ್ಕಿಗೇ ಮರಳಿತು. ಬೆಲೆ ಏರುವ ಕಾಲದಲ್ಲಿ ದರ ಪರಿಷ್ಕರಣೆಯಿಲ್ಲದ ನಗದು ಬಡವರಿಗೆ ನಷ್ಟದ ಬಾಬತ್ತು ಎಂಬುದನ್ನು ಈ ಒಂದೂವರೆ ವರ್ಷ ತೋರಿಸಿಕೊಟ್ಟಿತು.

ಹೆಬ್ಬೆಟ್ಟು ಒಪ್ಪದಿದ್ದರೆ

ಇಷ್ಟೆಲ್ಲ ನೆರವು ಕಾರ್ಡ್ ಇದ್ದವರಿಗೆ, ಯಂತ್ರ ಒಪ್ಪಿದವರಿಗೆ. ತಿಂಗಳ ಮೊದಲ ವಾರ ಸೊಸೈಟಿಯ ಮುಂದೆ ಚೀಲ, ಕ್ಯಾನು ಹಿಡಿದ ಸಾಲು. ಒಳಗೆ ಬೆರಳಚ್ಚು ಪಡೆಯುವ ಪಿಒಎಸ್ ಯಂತ್ರ, ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ. ಕಳೆ ಕಿತ್ತು, ಗಾರೆ ಕಲಸಿ, ಪಾತ್ರೆ ತಿಕ್ಕಿ ಸವೆದ ಬೆರಳಿನ ಗೆರೆಯನ್ನು ಯಂತ್ರ ಗುರುತಿಸುವುದಿಲ್ಲ. ಅಜ್ಜಿ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಒಂದು ಮಾತಿಗೆ ಆಕೆಯ ಮತ್ತೊಂದು ದಿನದ ಕೂಲಿ ಹೋಗುತ್ತದೆ.

ಜಾರ್ಖಂಡ್‌ನ ಸಿಮ್ದೇಗಾ ಜಿಲ್ಲೆಯ ಹನ್ನೊಂದರ ಬಾಲಕಿ 2017ರಲ್ಲಿ ತೀರಿಕೊಂಡಾಗ, ಆಧಾರ್ ಜೋಡಣೆಯಾಗದೆ ಆ ಮನೆಯ ಪಡಿತರ ನಿಂತಿದ್ದ ಸಂಗತಿ ದೇಶವನ್ನೇ ಕಲಕಿತು. ಅದೇ ವರ್ಷ ಗೋಕರ್ಣದ ಒಂದು ದಲಿತ ಕುಟುಂಬದಲ್ಲಿ ಮೂವರು ಸಹೋದರರು ಸತ್ತರು. ಪಡಿತರ ಸಿಗದೆ ಹಸಿವಿನಿಂದ ಸತ್ತರೆಂದು ನಾಗರಿಕ ಹಕ್ಕುಗಳ ಹೋರಾಟಗಾರರು ವರದಿ ಮಾಡಿದರು, ಸರ್ಕಾರ ಅದನ್ನು ಅಲ್ಲಗಳೆಯಿತು.

ಕಾರ್ಡೇ ಇಲ್ಲದವರ ಸಮಸ್ಯೆ ಇನ್ನೂ ದೊಡ್ಡದು. ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಸಂಖ್ಯೆ ಇಂದಿಗೂ 2011ರ ಜನಗಣತಿಗೆ ಕಟ್ಟುಬಿದ್ದಿದೆ. ಜನಸಂಖ್ಯೆ ಬೆಳೆದರೂ ಮಿತಿ ಬೆಳೆಯದ ಕಾರಣ ಹತ್ತು ಕೋಟಿಗೂ ಹೆಚ್ಚು ಜನ ಹೊರಗುಳಿದಿದ್ದಾರೆಂದು ದ್ರೇಜ್ ಮತ್ತು ಖೇರಾ 2020ರಲ್ಲೇ ಅಂದಾಜಿಸಿದ್ದರು. ಹೊಸದಾಗಿ ಮದುವೆಯಾಗಿ ಬೇರೆ ಒಲೆ ಹೂಡಿದ ದಂಪತಿ, ಆಮೇಲೆ ಹುಟ್ಟಿದ ಮಕ್ಕಳು, ಗುಳೆ ಹೋದವರು ಹೊರಗುಳಿಯುವುದು ಹೀಗೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆ 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳಿಗೂ ತಲುಪಿದ ಮೇಲೆ, ಕಾರ್ಡ್ ಇರುವ ವಲಸಿಗರಿಗೆ ಕೆಲಸದ ಊರಿನಲ್ಲೇ ಧಾನ್ಯ ಪಡೆಯುವ ಅವಕಾಶವಾಯಿತು. ಇನ್ನೊಂದು ಕಡೆ ಅನರ್ಹರನ್ನು ತೆಗೆಯುವ ಕಾರ್ಯಾಚರಣೆಯಲ್ಲಿ ಅರ್ಹರೂ ಕಾರ್ಡ್ ಕಳೆದುಕೊಳ್ಳುತ್ತಾರೆ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್‌ಗಳು ರದ್ದಾದಾಗ ಎದ್ದ ಕೂಗಿಗೆ ಸರ್ಕಾರ ಹಿಂದೆ ಸರಿಯಿತು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿ ಕೊಡುವುದಾಗಿ ಹೇಳಿತು.

2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಇಟ್ಟುಕೊಂಡ ಜನಗಣತಿಯ ಅಂಕಿಗಳು ಬಂದ ಕೂಡಲೇ ಕಾಯ್ದೆಯ ಮಿತಿಯನ್ನು ಪರಿಷ್ಕರಿಸುವುದು ಕೇಂದ್ರದ ಮುಂದಿರುವ ಮೊದಲ ಕೆಲಸ. ರಾಜ್ಯದ ಮುಂದಿರುವುದು ಬೇಳೆ, ಎಣ್ಣೆಯ ಕಿಟ್ ಒಂದು ತಿಂಗಳೂ ತಪ್ಪದೆ, ಒಳ್ಳೆಯ ಗುಣಮಟ್ಟದಲ್ಲಿ, ಬೆಲೆ ಏರಿದರೂ ತೂಕ ಕಡಿಮೆಯಾಗದಂತೆ ತಲುಪಿಸುವುದು. ಬೆರಳು ಒಪ್ಪದ ವೃದ್ಧರಿಗೆ ಅಂಗಡಿಯ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಅದೇ ದಿನ ಧಾನ್ಯ ಕೊಡಲು ಹೊಸ ಕಾನೂನು ಬೇಕಿಲ್ಲ, ತಾಲ್ಲೂಕಿನ ಆಹಾರ ಶಾಖೆಯಿಂದ ಸ್ಪಷ್ಟ ಸೂಚನೆ ಹೋದರೆ ಸಾಕು.